ಬಿಪಿ ತೀವ್ರವಾಗಿದೆ, ಸರ್ಕಾರದ ವಿಮೆ ಸಿಗುತ್ತದಾ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ದಿನಕ್ಕೆ ಮೂರು ಮಾತ್ರೆ ತಗೊಂಡರೂ ಬಿಪಿ 180/110ರ ಆಸುಪಾಸಿನಲ್ಲೇ ಇರುತ್ತದೆ. ನಮ್ಮದು ಬಿಪಿಎಲ್ ಕಾರ್ಡ್. ಖಾಸಗಿ ವಿಮೆಯವರು ಬಿಪಿ ಅಂದ ತಕ್ಷಣ ಮೂರು ವರ್ಷ ಕಾಯಬೇಕು ಅಂತಾರೆ. ಇಂಥವರಿಗೆ ಸರ್ಕಾರದ ನೆರವು ಇದೆಯಾ? ಡಾಕ್ಟರ್ ಸರ್ಟಿಫಿಕೇಟ್ ಬೇಕಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸರ್ಟಿಫಿಕೇಟ್‌ಗಾಗಿ ಅಲೆಯಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಕಾಯಿಲೆ ನೋಡಿ ಸೇರಿಸಿಕೊಳ್ಳುವುದಿಲ್ಲ, ರೇಷನ್ ಕಾರ್ಡ್ ನೋಡುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ, ಪ್ರೀಮಿಯಂ ಕಟ್ಟುವಂತಿಲ್ಲ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಮೊತ್ತ) ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ 1.5 ಲಕ್ಷ ಮೀರದಂತೆ. ಬಿಪಿ ಎಷ್ಟು ಹಳೆಯದಾದರೂ ಇಲ್ಲಿ ಕಾಯುವ ಅವಧಿ ಇಲ್ಲ.

ಮೊದಲು ರೇಷನ್ ಕಾರ್ಡ್ ತೆಗೆದು ನೋಡಿ, ಅಮ್ಮನ ಹೆಸರು ಅದರಲ್ಲಿದೆಯಾ? ಆಧಾರ್‌ನಲ್ಲಿ 'ಲಕ್ಷ್ಮಮ್ಮ', ರೇಷನ್ ಕಾರ್ಡ್‌ನಲ್ಲಿ 'ಲಕ್ಷ್ಮೀದೇವಿ' ಅಂತಿದ್ದರೆ ಈಗಲೇ ಸರಿಮಾಡಿಸಿ. ಐಸಿಯು ಬಾಗಿಲಲ್ಲಿ ನಿಂತು ಹೆಸರು ತಿದ್ದಿಸಲು ಓಡುವ ಪಾಡು ಯಾರಿಗೂ ಬೇಡ. ಎರಡೂ ಹೊಂದಿದರೆ ಗ್ರಾಮ ಒನ್ ಅಥವಾ ಕರ್ನಾಟಕ ಒನ್‌ನಲ್ಲಿ ಆರೋಗ್ಯ ಕಾರ್ಡ್ ಮಾಡಿಸಿ.

ಒಂದು ವಿಷಯದಲ್ಲಿ ತುಂಬಾ ಜನ ಮೋಸಹೋಗುತ್ತಾರೆ. ಈ ಕಾರ್ಡ್ ತಿಂಗಳ ಮಾತ್ರೆ ಖರ್ಚು ಕೊಡುವುದಿಲ್ಲ. ಬಿಪಿ ಏರಿ ಹೃದಯಾಘಾತ, ಪಾರ್ಶ್ವವಾಯು, ಕಿಡ್ನಿ ತೊಂದರೆ ಆಗಿ ಆಸ್ಪತ್ರೆ ಸೇರಿದಾಗ ನೆರವಿಗೆ ಬರುತ್ತದೆ. ಮಾತ್ರೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಹೋಗಿ. ಅಲ್ಲಿ ಬಿಪಿ ನೋಡಿ ಸಾಮಾನ್ಯ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ. ಮೂರು ಮಾತ್ರೆಯಲ್ಲೂ 180 ಇಳಿಯದಿದ್ದರೆ ಈ ವಾರವೇ ವೈದ್ಯರನ್ನು ಕಾಣಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಎದೆನೋವು, ಮಾತು ತೊದಲುವುದು, ಒಂದು ಕೈ ಸೋಲುವುದು ಕಂಡರೆ ಕಾರ್ಡ್ ಹುಡುಕುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ತುರ್ತು ಇಲ್ಲದಾಗ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಕೊಡುತ್ತಾರೆ. ಚೀಟಿ ಇಲ್ಲದೆ ನೇರ ಖಾಸಗಿಗೆ ಹೋದರೆ ಪೂರ್ತಿ ಬಿಲ್ ನಿಮ್ಮ ಮೇಲೇ ಬೀಳಬಹುದು. ತುರ್ತು ಇದ್ದರೆ ಯೋಜನೆಯಲ್ಲಿ ನೋಂದಾಯಿಸಿದ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು. ಅಲ್ಲಿ ದುಡ್ಡು ಕಟ್ಟುವ ಮುಂಚೆ ‘ಆರೋಗ್ಯ ಮಿತ್ರ’ (ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರು) ಎಲ್ಲಿ ಅಂತ ಕೇಳಿ, ಕಾರ್ಡ್ ಅವರ ಕೈಗೆ ಕೊಡಿ.

ಖಾಸಗಿ ಪಾಲಿಸಿಯೂ ಬೇಕು ಅನ್ನಿಸಿದರೆ ಅರ್ಜಿಯಲ್ಲಿ ಬಿಪಿ ಇರುವುದನ್ನು ಬರೆಯಿರಿ. ‘ಸುಮ್ನೆ ಬಿಟ್ಟುಬಿಡಿ, ಯಾರೂ ನೋಡಲ್ಲ’ ಅನ್ನುವ ಏಜೆಂಟ್ ಮಾತು ಕೇಳಬೇಡಿ. ಮುಚ್ಚಿಟ್ಟದ್ದು ಕ್ಲೇಮ್ ವೇಳೆ ಹಳೇ ಚೀಟಿಗಳಿಂದ ಹೊರಬಂದರೆ ಪಾಲಿಸಿಯನ್ನೇ ರದ್ದು ಮಾಡಬಹುದು. 2024ರಿಂದ ಹಳೇ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು, ಮೊದಲು 48 ಇತ್ತು. ಕೆಲವು ಕಂಪನಿಗಳಲ್ಲಿ ಇನ್ನೂ ಕಡಿಮೆ ಇರುತ್ತದೆ, ಕೇಳಿ ನೋಡಿ.