ಅಳದ ಅರಸನ ದುಃಖ ಬರೆಯೋದು ಹೇಗೆ?

ಪ್ರಶ್ನೆ: ನಾನು ಬೋರ್ಡ್ ಬರೆಯೋ ಪೇಂಟರ್. ಊರಿನ ನಾಟಕಕ್ಕೆ ಪರದೆ ಬರೆಯುತ್ತಿದ್ದೇನೆ. ಹಿಂದೆ ಕಂಪಿಲಿ ಆಳಿದ ಕಂಪಿಲರಾಯನ ಕೊನೆಯ ರಾತ್ರಿ. ಕಿರೀಟ ತೆಗೆಸಿ, ಕಣ್ಣೀರು ಹಾಕಿಸಿದೆ. ನೋಡಿದವರು ‘ಇವ ಭಿಕ್ಷುಕ ಇದ್ದಂಗ ಅದಾನ’ ಅಂತಾರೆ. ಏನು ಮಾಡಲಿ?
— ಓದುಗರು, ಗಂಗಾವತಿ

ಉತ್ತರ: ಅವರು ಹೇಳಿದ್ದು ಸರಿಯಾಗೇ ಇದೆ. ಕಿರೀಟವೂ ಹೋಯ್ತು, ಕಣ್ಣೀರೂ ಬಂತು ಅಂದರೆ ಅರಸ ಅನ್ನೋ ಗುರುತು ಎಲ್ಲಿ ಉಳೀತು? ಒಡವೆ, ಕಿರೀಟ ಎಲ್ಲ ಹಾಗೇ ಇರಲಿ. ಸೋಲು ಮೈಯಲ್ಲಿ ಕಾಣಲಿ. ಕಣ್ಣೀರಿನ ಮೇಲೆ ಮೈಬಣ್ಣ ಬಳಿದುಬಿಡಿ.

ಫ್ರಾನ್ಸಿನ ಪಾಲ್ ಡೆಲಾರೋಶ್ 1840ರಲ್ಲಿ ಬರೆದ ನೆಪೋಲಿಯನ್ ಚಿತ್ರವನ್ನು ಮೊಬೈಲಿನಲ್ಲಿ ಹುಡುಕಿ, ದೊಡ್ಡದು ಮಾಡಿ ನೋಡಿ. ಅದರಲ್ಲಿರೋದು 1814ರ ಸಂಗತಿ. ಪ್ಯಾರಿಸ್ ಕೈತಪ್ಪಿದೆ. ಫಾಂಟೆನ್‌ಬ್ಲೋ ಅರಮನೆಯಲ್ಲಿ ಚಕ್ರವರ್ತಿ ಕುರ್ಚಿಯಲ್ಲಿ ಕುಸಿದು ಕೂತಿದ್ದಾನೆ. ಕೋಟು ಬಿಚ್ಚಿಲ್ಲ. ಬೂಟಿಗೆ ಕೆಸರು ಮೆತ್ತಿದೆ. ಟೋಪಿ ನೆಲಕ್ಕೆ ಬಿದ್ದಿದೆ, ಎತ್ತಿಕೊಡೋಕೆ ಒಬ್ಬರೂ ಇಲ್ಲ. ಒಂದು ತೋಳು ಕುರ್ಚಿಯ ಬೆನ್ನಿನ ಮೇಲೆ ಸುಮ್ನೆ ಬಿದ್ದಿದೆ. ಅಳು ಎಲ್ಲೂ ಇಲ್ಲ. ಇದೇ ಮನುಷ್ಯನನ್ನು ಜಾಕ್ ಲೂಯಿ ಡಾವಿಡ್ 1801ರಲ್ಲಿ ಮುಂಗಾಲೆತ್ತಿದ ಕುದುರೆಯ ಮೇಲೆ ಕೂರಿಸಿ ಆಲ್ಪ್ಸ್ ದಾಟಿಸಿದ್ದ. (ನಿಜಕ್ಕೂ ದಾಟಿದ್ದು ಹೇಸರಗತ್ತೆ ಮೇಲೆ!)

ಕಣ್ಣನ್ನೇ ನೆಚ್ಚಿ ಗೆದ್ದವನು ರಷ್ಯದ ರೆಪಿನ್. ಅವನ 1885ರ ಚಿತ್ರದಲ್ಲಿ ದೊರೆ ಇವಾನ್ ಸಿಟ್ಟಿನಲ್ಲಿ ತಾನೇ ಹೊಡೆದ ಮಗನ ಗಾಯ ಒತ್ತಿ ಹಿಡಿದಿದ್ದಾನೆ. ಆ ಕಣ್ಣು ನೋಡಿದರೆ ಎದೆ ಝಲ್ಲೆನ್ನುತ್ತೆ. ಆದರೆ ಪರದೆಯಲ್ಲಿ ಹಿಂದಿನ ಸಾಲಿನವರಿಗೆ ಕಣ್ಣು ಎಲ್ಲಿ ಕಾಣಬೇಕು?

ನಿಮಗೆ ಜಾಸ್ತಿ ಉಪಯೋಗಕ್ಕೆ ಬರೋದು ಅವನೀಂದ್ರನಾಥ ಟಾಗೋರರು 1902ರಲ್ಲಿ ಬರೆದ ಶಹಜಹಾನನ ಕೊನೆಗಾಲ. ಅಮೃತಶಿಲೆಯ ಮಂಟಪ ದೊಡ್ಡದು, ಮಲಗಿದ ಮುದುಕ ಸಣ್ಣವ. ಕಾಲ ಬಳಿ ಮಗಳು ಜಹನಾರಾ. ದೂರದಲ್ಲಿ ಪುಟ್ಟದಾಗಿ ತಾಜಮಹಲ್. ಜಾಗ ಹೀಗೆ ಖಾಲಿ ಬಿಟ್ಟರೆ ಅರಸ ಒಂಟಿ ಅಂತ ಬೇರೆ ಹೇಳಬೇಕಿಲ್ಲ. ನಿಮ್ಮ ಪರದೆ ಹೇಗೂ ದೊಡ್ಡದು, ಅಲ್ವಾ?

ಇನ್ನು ಕಂಪಿಲ. ದಿಲ್ಲಿ ಸುಲ್ತಾನ ತುಘಲಕನಿಗೆ ತಿರುಗಿಬಿದ್ದ ಅವನ ಸಂಬಂಧಿ ಬಹಾಉದ್ದೀನನಿಗೆ ಆಸರೆ ಕೊಟ್ಟು, ಸೋಲು ಖಚಿತವಾದಾಗಲೂ ಅವನನ್ನು ಹೊಯ್ಸಳರ ಕಡೆ ಕಳಿಸಿ, ತಾನು ಯುದ್ಧಕ್ಕೆ ನಿಂತವನು. ಅದಕ್ಕೂ ಮೊದಲು ಅಂತಃಪುರದ ಹೆಂಗಸರು ಬೆಂಕಿಗೆ ಹಾರಿದರು ಅಂತ ಆ ಕಾಲದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಆ ಬೆಂಕಿಯನ್ನು ಬರೆಯಬೇಡಿ. ಅದರ ಬೆಳಕು ಮಾತ್ರ ಬಾಗಿಲಿಂದ ಬಂದು ಕಿರೀಟ ಹೊತ್ತ ತಲೆಯ ಒಂದು ಪಕ್ಕಕ್ಕೆ ಬೀಳಲಿ. ಹೆಗಲು ಇಳಿದಿರಲಿ, ಕತ್ತಿ ಮೊಣಕಾಲಿಗೆ ಒರಗಿರಲಿ. ಆ ಬೆಳಕಿಗೆ ಕೆಂಪು ಕಡಿಮೆ ಹಾಕಿ. ನಾಟಕದ ಲೈಟು ಬಿದ್ದಾಗ ಅದು ಇನ್ನೂ ಉರಿಯುತ್ತೆ.