ಸ್ಟೀರಿಂಗ್ ಓರೆ, ದೋಷ ಹಿಂದಿನ ಚಕ್ರದಲ್ಲಿ

ಪ್ರಶ್ನೆ: ನನ್ನ ಸ್ವಿಫ್ಟ್ ಕಾರಿನ (14 ಇಂಚಿನ ಚಕ್ರ) ಬಲ ಹಿಂದಿನ ಟೈರಿನ ಒಳ ಅಂಚು ಸವೆದು ನುಣ್ಣಗಾಗಿದೆ. ನೇರ ರಸ್ತೆಯಲ್ಲೂ ಸ್ಟೀರಿಂಗ್ ತುಸು ಬಲಕ್ಕೆ ತಿರುಗಿಯೇ ಇರುತ್ತದೆ. ಮುಂದಿನ ಅಲೈನ್‌ಮೆಂಟ್ ಎರಡು ಸಲ ಮಾಡಿಸಿದ್ದಾಯಿತು. ಹಿಂದೆ ಅಡ್ಜಸ್ಟ್‌ಮೆಂಟೇ ಇಲ್ಲ ಎನ್ನುತ್ತಾರೆ ಅಂಗಡಿಯವರು. ಏನು ಮಾಡಲಿ?
— ಓದುಗರು, ತಿಪಟೂರು

ಉತ್ತರ: ಅಡ್ಜಸ್ಟ್‌ಮೆಂಟ್ ಇಲ್ಲ ಎಂಬುದು ನಿಜ. ಹಾಗಂತ ಅಳೆಯದೆ ಬಿಡುವಂತಿಲ್ಲ. ನಿಮ್ಮ ಕಾರಿನ ಹಿಂದೆ ಇರುವುದು ಟಾರ್ಷನ್ ಬೀಮ್: ಎರಡು ತೋಳು, ನಡುವೆ ಒಂದು ಅಡ್ಡ ಬೀಮ್, ಮುಂದುಗಡೆ ಎರಡು ದೊಡ್ಡ ರಬ್ಬರ್ ಬುಷ್ (ಬೀಮನ್ನು ಕಾರಿನ ಮೈಗೆ ಜೋಡಿಸುವ ಮೆತ್ತೆ). ಹೊಂಡಕ್ಕೆ ಬಿದ್ದೋ ಫುಟ್‌ಪಾತಿನ ಅಂಚಿಗೆ ಬಡಿದೋ ಇದು ಬಾಗುತ್ತದೆ, ಇಲ್ಲವೇ ಬುಷ್ ಹರಿಯುತ್ತದೆ.

ಮೊದಲು ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿಸಿ. ಹಿಂದಿನ ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಕಟಕಟ ಆಡಿದರೆ ಬೇರಿಂಗ್ ಹೋಗಿದೆ, ಅದನ್ನು ಬದಲಿಸದೆ ಅಳೆದು ಪ್ರಯೋಜನವಿಲ್ಲ.

ಆಮೇಲೆ ಸಮತಟ್ಟಾದ ನೆಲದಲ್ಲಿ ಸ್ಟೀರಿಂಗ್ ಅಲ್ಲ, ಮುಂದಿನ ಚಕ್ರಗಳು ನೇರ ಇರುವಂತೆ ನಿಲ್ಲಿಸಿ. ಕಾರಿಗಿಂತ ಅಗಲದ ಎರಡು ಪೈಪಿಗೆ ಒಂದೇ ಅಂತರದಲ್ಲಿ ಗೀರು ಹಾಕಿ, ಕಾರಿನ ಹಿಂದೊಂದು ಮುಂದೊಂದು ಸ್ಟ್ಯಾಂಡ್ ಮೇಲೆ ಹಬ್ಬಿನ (ಚಕ್ರದ ನಡುಭಾಗದ) ಎತ್ತರಕ್ಕೆ ಇಡಿ. ಗೀರಿನಿಂದ ಗೀರಿಗೆ ನೈಲಾನ್ ದಾರ ಬಿಗಿಯಿರಿ. ಮುಂದಿನ ಎರಡು ಹಬ್ಬಿನಿಂದ ದಾರಕ್ಕೆ ಎಡಬಲ ಸಮ ದೂರ, ಹಿಂದಿನವಕ್ಕೂ ಎಡಬಲ ಸಮ ದೂರ ಬರುವವರೆಗೆ ಪೈಪ್ ಸರಿಸಿ. (ಮುಂದಿನ ಅಳತೆ ಹಿಂದಿನದಕ್ಕೆ ಹೊಂದಬೇಕಿಲ್ಲ.)

ಈಗ ಸ್ಟೀಲ್ ಸ್ಕೇಲಿನಿಂದ ಹಿಂದಿನ ರಿಮ್ಮಿನ ಮುಂದಂಚು, ಹಿಂದಂಚು ಎರಡರಿಂದಲೂ ದಾರದ ದೂರ ಅಳೆಯಿರಿ. ಚಕ್ರ ಅರ್ಧ ಸುತ್ತು ಉರುಳುವಷ್ಟು ಕಾರು ತಳ್ಳಿ, ದಾರ ಮತ್ತೆ ಹೊಂದಿಸಿ ಅಳೆದು ಸರಾಸರಿ ತೆಗೆಯಿರಿ. ರಿಮ್ ಸೊಟ್ಟಗಿದ್ದರೂ ಲೆಕ್ಕ ತಪ್ಪುವುದಿಲ್ಲ.

ಉದಾಹರಣೆಗೆ ಎಡಚಕ್ರದ ಮುಂದಂಚು 62, ಹಿಂದಂಚು 60 ಮಿ.ಮೀ. ಎಂದರೆ 2 ಮಿ.ಮೀ. ಟೋ-ಇನ್ (ಚಕ್ರದ ಮುಂದಂಚು ಒಳಕ್ಕೆ ತಿರುಗಿರುವುದು). ಬಲದ್ದು 60 ಮತ್ತು 61.5 ಇದ್ದರೆ 1.5 ಟೋ-ಔಟ್ (ಹೊರಕ್ಕೆ ತಿರುಗಿರುವುದು). ಒಟ್ಟು ಟೋ ಬರೀ 0.5, ಒಟ್ಟನ್ನಷ್ಟೇ ನೋಡುವವರು ‘ಓಕೆ’ ಎಂದು ಕಳಿಸಿಬಿಡುತ್ತಾರೆ. ಆದರೆ ಎರಡೂ ಚಕ್ರ ಬಲಕ್ಕೆ ಮುಖ ಮಾಡಿವೆ. ಓರೆ (2+1.5)÷2, ಅಂದರೆ 1.75 ಮಿ.ಮೀ.; 14 ಇಂಚಿನ ರಿಮ್ಮಿನಲ್ಲಿ 1 ಮಿ.ಮೀ.ಗೆ ಸುಮಾರು 9 ಮಿನಿಟಿನ ಕೋನ (60 ಮಿನಿಟಿಗೆ ಒಂದು ಡಿಗ್ರಿ). ಹಿಂಭಾಗ ಬಲಕ್ಕೆ ಎಳೆಯುವುದರಿಂದ ನೇರ ಹೋಗಲು ಸ್ಟೀರಿಂಗನ್ನೂ ಬಲಕ್ಕೇ ಹಿಡಿಯಬೇಕು. ನಿಮ್ಮ ಲಕ್ಷಣ ಇದೇ.

ಇನ್ನು ಎರಡೂ ಬದಿಯಲ್ಲಿ ಮುಂದಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ ಟೇಪು ಹಿಡಿಯಿರಿ. ಬಲದಲ್ಲಿ 6–7 ಮಿ.ಮೀ. ಹೆಚ್ಚಿದ್ದರೆ ಇಡೀ ಬೀಮ್ ತಿರುಗಿದೆ, ಬುಷ್ ನೋಡಿ. ಎರಡೂ ಸಮವಿದ್ದು ಒಂದೇ ಚಕ್ರ ಓರೆಯಿದ್ದರೆ ಆ ಬದಿಯ ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಅಚ್ಚು) ಅಥವಾ ತೋಳು ಬಾಗಿದೆ. ಅಲ್ಪ ಓರೆಗೆ ಸ್ಟಬ್ ಆಕ್ಸಲ್ ಮತ್ತು ಬೀಮಿನ ನಡುವೆ ಓರೆ ಶಿಮ್ (ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾದ ತಗಡು) ಹಾಕಬಹುದು. ಸಿಗದಿದ್ದರೆ ವಾಷರ್ ತುರುಕಬೇಡಿ: ಬೋಲ್ಟಿಗೆ ಪೂರ್ತಿ ಆಸರೆ ಸಿಗದೆ ಸಡಿಲಾಗುತ್ತದೆ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬೀಮ್ ನೆಟ್ಟಗೆ ಮಾಡಿಕೊಡುತ್ತೇನೆ ಎನ್ನುವವರಿಗೆ ಕಾರು ಕೊಡಲೇಬೇಡಿ. ತಿರುಚಿ ಮರಳಬೇಕಾದ ಉಕ್ಕಿನ ಗುಣ ಕೆಡುತ್ತದೆ. ಬಾಗಿದ ಬೀಮಿಗೆ ಹೊಸ ಬೀಮೇ ಮದ್ದು. ಮುಂದಿನ ಟೋ ಹೊಂದಿಸುವುದು ಇದೆಲ್ಲ ಆದ ಮೇಲೆ.

ಪ್ರಶ್ನೆ: ಹಿಂದಿನ ಬೀಮಿನ ಬುಷ್ ಹೊಸದು ಹಾಕಿಸಿ ವರ್ಷವಾಗಿಲ್ಲ, ಆಗಲೇ ಹರಿದಿದೆ. ಬುಷ್ ಕಳಪೆಯೇ?
— ಓದುಗರು, ಹಾವೇರಿ

ಉತ್ತರ: ಬೋಲ್ಟ್ ಬಿಗಿದದ್ದು ಹೇಗೆಂದು ಮೊದಲು ಕೇಳಿ. ಲಿಫ್ಟ್ ಮೇಲೆ ಚಕ್ರ ನೇತಾಡುವಾಗಲೇ ಬಿಗಿದರೆ, ಕಾರು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಸದಾ ಎಳೆತದಲ್ಲಿರುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ಕೈಬಿಗಿ ಮಾಡಿ, ಚಕ್ರದ ಮೇಲೆ ಕಾರಿನ ಭಾರ ಬಿಟ್ಟು, ಒಂದೆರಡು ಸಲ ಹಿಂಭಾಗ ಅದುಮಿ, ನಂತರ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಯಬೇಕು.