ಪದಕ ತಡವಾದದ್ದೇಕೆ?

ಅಮೆರಿಕದ ಅಂತರ್ಯುದ್ಧದಲ್ಲಿ ನಡೆದ ಗೆಟಿಸ್‌ಬರ್ಗ್ ಯುದ್ಧದ ಬಗ್ಗೆ ಬಂದ ಲೇಖನ ಓದಿ ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: 'ಫಿರಂಗಿ ದಳದ ಅಲೊಂಜೊ ಕುಶಿಂಗ್ ಸತ್ತದ್ದು 1863ರಲ್ಲಿ, ಅಲ್ಲಿನ ಅತಿ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿದ್ದು 2014ರಲ್ಲಿ. ಅವನ ಕೈಕೆಳಗಿನ ಸಾರ್ಜೆಂಟ್‌ಗೆ ಮಾತ್ರ ಮೊದಲೇ ಕೊಟ್ಟರಂತೆ. ಇದ್ಯಾವ ನ್ಯಾಯ?'

ಸಂ: ಸಿಟ್ಟು ಬರುವಂಥದ್ದೇ. ಆದರೆ ಆ ಸಾರ್ಜೆಂಟ್ ಮೇಲೆ ಮುನಿಸು ಬೇಡ.

ಕುಶಿಂಗ್‌ಗೆ ಆಗ 22 ವರ್ಷ. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಓದು ಮುಗಿದದ್ದೇ 1861ರಲ್ಲಿ, ಅಂತರ್ಯುದ್ಧ ಶುರುವಾದ ವರ್ಷ. 1863ರ ಜುಲೈ 3ರ ಮಧ್ಯಾಹ್ನ ದೇಶದಿಂದ ಬೇರೆಯಾಗಹೊರಟ ದಕ್ಷಿಣ ರಾಜ್ಯಗಳವರ ಸುಮಾರು 150 ತೋಪುಗಳು ಒಟ್ಟಿಗೆ ಗುಡುಗಿದವು. ಎದುರಿನ ದಿಬ್ಬದ ಮೇಲೆ, ಉತ್ತರದವರ ಸೇನೆಯಲ್ಲಿ, ಕುಶಿಂಗ್‌ನದು ಆರು ತೋಪು. ಕೊನೆಗೆ ಕೆಲಸಕ್ಕೆ ಬರುವಂತೆ ಉಳಿದದ್ದು ಎರಡೇ. ಭುಜಕ್ಕೆ ಏಟು ಬಿತ್ತು, ಆಮೇಲೆ ಹೊಟ್ಟೆಯ ಕೆಳಗೆ. ಹಿಂದಕ್ಕೆ ಹೋಗಿ ಅಂದರೆ ಕೇಳಲಿಲ್ಲ. ಉಳಿದ ತೋಪುಗಳನ್ನು ಮುಂದಿನ ಕಲ್ಲುಗೋಡೆಯ ತನಕ ತಳ್ಳಿಸಿದ.

ಆ ಕಾಲದ ತೋಪಿಗೆ ಹಿಂಬದಿಯಲ್ಲಿ, ಮೇಲ್ಗಡೆ, ಬೆಂಕಿ ತಗುಲಿಸುವ ಸಣ್ಣ ತೂತು ಇರುತ್ತಿತ್ತು. ಹೊಸ ಮದ್ದು ತುಂಬುವಾಗ ಅದನ್ನು ಒಬ್ಬ ಹೆಬ್ಬೆರಳಿನಿಂದ ಒತ್ತಿ ಹಿಡಿಯಲೇಬೇಕು. ಗಾಳಿ ಆಡಿದರೆ ಒಳಗೆ ಉಳಿದ ಕಿಡಿ ಹೊತ್ತಿಕೊಂಡು ಮದ್ದು ತುಂಬುವವನೇ ಹಾರಿಹೋಗುತ್ತಾನೆ. ಅದಕ್ಕೇ ಬೆರಳಿಗೆ ಚರ್ಮದ ಕವಚ ಹಾಕುತ್ತಿದ್ದರು. ಕುಶಿಂಗ್ ಬರಿಗೈಯಲ್ಲೇ ಒತ್ತಿ ಹಿಡಿದ, ಬೆರಳು ಮೂಳೆಯವರೆಗೂ ಸುಟ್ಟಿತು ಅಂತ ಹೇಳುತ್ತಾರೆ.

ಅಷ್ಟು ಹೊತ್ತಿಗೆ ಕೂಗುವ ಶಕ್ತಿಯೂ ಇರಲಿಲ್ಲ. ಅವನನ್ನು ಹಿಡಿದು ನಿಲ್ಲಿಸಿ, ಅವನು ಪಿಸುಗುಟ್ಟಿದ ಆಜ್ಞೆಯನ್ನು ದಳಕ್ಕೆ ಕೂಗಿ ಹೇಳಿದವನೇ ಆ ಸಾರ್ಜೆಂಟ್, ಫ್ರೆಡರಿಕ್ ಫ್ಯೂಗರ್. ಮೂರನೇ ಗುಂಡು ಬಾಯಿಗೆ ಬಿದ್ದು ಕುಶಿಂಗ್ ಸತ್ತಾಗ ದಳ ನಡೆಸಿದವನೂ ಅವನೇ. ಇವನಿಗೂ ಬೇಗ ಏನೂ ಸಿಗಲಿಲ್ಲ, ಪದಕ ಬಂದದ್ದು 1897ರಲ್ಲಿ!

ಕುಶಿಂಗ್‌ಗೆ ಯಾಕಿಲ್ಲ? ಸತ್ತವರಿಗೆ ಆ ಪದಕ ಕೊಡುವ ರೂಢಿ ಆಗ ಹೆಚ್ಚುಕಡಿಮೆ ಇರಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಅನ್ನುವ ಗೌರವ ಪದವಿ ಕೊಟ್ಟು ಸುಮ್ಮನಾದರು. ಶಿಫಾರಸಿಗೆ ಕಾಲಮಿತಿಯ ನಿಯಮವೂ ಬಂದ ಮೇಲೆ ಬಾಗಿಲು ಮುಚ್ಚಿದಂತೆಯೇ ಆಯ್ತು. ಅದನ್ನು ತೆಗೆಸಿದ್ದು, ನಿಮ್ಮ ಹಾಗೇ, ಕಾಗದ ಬರೆದವರು. ಅವನು ಹುಟ್ಟಿದ ವಿಸ್ಕಾನ್ಸಿನ್‌ನ ಡೆಲಾಫೀಲ್ಡ್‌ನ ಮಹಿಳೆಯೊಬ್ಬರು 1980ರ ದಶಕದಿಂದ ಬಿಡದೆ ಬರೆದರು. 2013ರ ಕೊನೆಗೆ ಅಮೆರಿಕದ ಸಂಸತ್ತು ಅವನಿಗಾಗಿ ಕಾಲಮಿತಿ ಸಡಿಲಿಸಿತು. ಮರುವರ್ಷ ನವೆಂಬರ್ 6ರಂದು ಒಬಾಮಾ ಪದಕ ಕೊಟ್ಟರು. ಅವನಿಗೆ ಮಕ್ಕಳಿರಲಿಲ್ಲ ಅಲ್ವಾ, ದೂರದ ಸಂಬಂಧಿಯೊಬ್ಬರು ಬಂದು ತೆಗೆದುಕೊಂಡರು.